ಕೆಲಸ ಸಿಕ್ಕವರ ಪಟ್ಟಿ

ಉದ್ಯೋಗ ಮೇಳಕ್ಕೆ ಒಬ್ಬೊಬ್ಬ ಮೆಂಬರೂ ತಮ್ಮ ವಾರ್ಡಿನಿಂದ ಕಡಿಮೆಯೆಂದರೂ ಹತ್ತು ಜನ ಓದಿದವರನ್ನು ಕರೆತರಬೇಕು ಎಂದು ಪಂಚಾಯ್ತಿ ಆಫೀಸಿನಲ್ಲಿ ಹೇಳಿದಾಗ ಹಾಲಮ್ಮ ತಲೆ ಕೆರೆದುಕೊಳ್ಳಬೇಕಾಗಿ ಬರಲಿಲ್ಲ. ಓದಿ ಸರಿಯಾದ ದಾರಿ ಕಾಣದೆ ಕೂತವರಿಗೆ ಅವಳ ವಾರ್ಡಿನಲ್ಲಿ ಬರವಿರಲಿಲ್ಲ. ಮೊದಲನೆಯವನು ಅವಳ ಮನೆಯಲ್ಲೇ ಇದ್ದ.

ಯಗಟಿಯಿಂದ ಎರಡು ಸ್ಟಾಪು ಆಚೆಗೆ ಅವರ ಊರು. ಏಳನೇ ಕ್ಲಾಸಿಗೇ ಓದು ಬಿಟ್ಟಿದ್ದ ಹಾಲಮ್ಮನನ್ನು, ಮೀಸಲು ಸೀಟು ಬಂದ ವರ್ಷ, ಕೇರಿಯವರೆಲ್ಲ ಸೇರಿ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ್ದರು. ಗಂಡ ಓಬಳಪ್ಪ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಬಿಡಿಸಿ ಬಿಡಿಸಿ ಅವನ ಬಲಗೈ ರಟ್ಟೆ ಎಡಗೈಗಿಂತ ದಪ್ಪಗಾಗಿತ್ತು. ಮಗಳು ಅಕ್ಷತಾ ಕಡೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಮಗ ವೇಣು ಬಿ.ಎ. ಮುಗಿಸಿ ನಾಲ್ಕು ವರ್ಷವಾಗಿತ್ತು. ಕಡೂರು ಬಸ್‌ಸ್ಟ್ಯಾಂಡ್ ಹತ್ತಿರ ದೇವೀರಪ್ಪ ಅನ್ನುವವರ ಜೆರಾಕ್ಸ್ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದ. ತಿಂಗಳಿಗೆ ಏಳು ಸಾವಿರ ಕೊಡುತ್ತಿದ್ದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹಾಲಮ್ಮ ಮಗನ ತಟ್ಟೆಗೆ ಮುದ್ದೆ ಇಟ್ಟು, "ಹನ್ನೆರಡನೇ ತಾರೀಕು ಅಂಗಡಿಗೆ ರಜ ಹಾಕು," ಅಂದಳು.

"ಯಾಕೆ?"

"ಕಡೂರಲ್ಲಿ ಮೇಳ ಐತೆ. ಗೌರ್ಮೆಂಟಿಂದೇ ಬಸ್ಸು ಮಾಡವ್ರೆ."

"ಅವ್ವ, ಅಂಥ ಮೇಳಕ್ಕೆ ಅರ್ಜಿ ತುಂಬ್ಕೊಡೋನೇ ನಾನು. ಹೋದ ವರ್ಷ ತುಂಬಿಸ್ಕೊಂಡು ಹೋದೋರು ಈ ವರ್ಷಾನೂ ತುಂಬ್ಸೋಕೆ ಬತ್ತಾವ್ರೆ."

"ನಾನು ಮನೆಮನೆಗೆ ಹೋಗಿ ಮಕ್ಳನ್ನ ಕಳ್ಸಿ ಅಂತ ಹೇಳ್ಬೇಕು ಕಣೋ. ನಿನ್ನ ಮಗ ಬತ್ತಾನಾ ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಮೂಲೆಯಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದ ಅತ್ತೆ ಅಂಜಿನಮ್ಮ ತಲೆ ಎತ್ತದೆ ಹೇಳಿದಳು: "ಹೋಗ್ಬಾ ಮಗ. ಮಧ್ಯಾಹ್ನಕ್ಕೆ ಊಟಾನೂ ಕೊಡ್ತಾರಂತೆ."

ಓಬಳಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಊಟದ ಹೊತ್ತಿಗೆ ಅವನಲ್ಲಿ ಮಾತಾಡುವಷ್ಟು ಶಕ್ತಿ ಉಳಿಯುತ್ತಿದ್ದದ್ದೇ ಅಪರೂಪ.

ಹಾಲಮ್ಮ ಹತ್ತಲ್ಲ, ಹದಿಮೂರು ಜನರನ್ನು ಹೊರಡಿಸಿದಳು. ಎಲ್ಲರಿಗಿಂತ ಕಷ್ಟವಾದದ್ದು ಭವ್ಯಳನ್ನು ಹೊರಡಿಸುವುದು. ಕುರಿ ಸಾಕುವ ಬೀರಪ್ಪನ ಮಗಳು ಅವಳು, ಬಿ.ಕಾಂ. ಮಾಡಿದ್ದಳು. ಬೀರಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, "ಹುಡ್ಗೀನ ಎಲ್ಲಿಗೋ ಕಳ್ಸಕ್ಕಾಗಲ್ಲ ಮೆಂಬರಮ್ಮ. ಅಜ್ಜಂಪುರದ ಕಡೆಯೋರು ನೋಡ್ಕೊಂಡು ಹೋಗವ್ರೆ, ಮಾತು ನಡೀತಾ ಐತೆ," ಅಂದ.

"ಒಂದಿನ ಬಂದ್ರೆ ಏನಾಗೋಯ್ತದೆ ಬೀರಣ್ಣ? ನಾನಿರ್ತೀನಲ್ಲ ಜೊತೇಲಿ," ಅಂದಳು ಹಾಲಮ್ಮ. ಒಳಗಿನಿಂದ ಭವ್ಯ ಅಪ್ಪನ ಉತ್ತರಕ್ಕೂ ಕಾಯದೆ, "ಬಸ್ಸು ಎಷ್ಟೊತ್ತಿಗೆ ಹಾಲಮ್ಮಕ್ಕ?" ಅಂತ ಕೇಳಿದ್ದಳು.

ಕಡೂರಿನ ಮೈದಾನದ ತುಂಬ ಶಾಮಿಯಾನ ಹಾಕಿದ್ದರು. ಒಂದೊಂದು ಮೇಜಿನ ಹಿಂದೆ ಒಂದೊಂದು ಕಂಪನಿಯ ಬ್ಯಾನರು, ಮುಂದೆ ಫೈಲು ಹಿಡಿದವರ ಸಾಲು. ತುಮಕೂರಿನಿಂದಾಚೆ ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿಯವರು ಹೆಸರು, ಊರು, ಮಾರ್ಕ್ಸು ಕೇಳಿ ಐದು ನಿಮಿಷಕ್ಕೊಬ್ಬರನ್ನು ಆಚೆ ಕಳಿಸುತ್ತಿದ್ದರು. ಮಧ್ಯಾಹ್ನ ಮೈಕಿನಲ್ಲಿ ಹೆಸರು ಕೂಗಿದರು. ಹಾಲಮ್ಮನ ವಾರ್ಡಿನವರು ನಾಲ್ಕು ಜನ: ವೇಣು, ಭವ್ಯ, ಮತ್ತೆ ತೋಪಿನ ಮನೆಯ ಅಣ್ಣತಮ್ಮಂದಿರಿಬ್ಬರು. ವೇದಿಕೆಗೆ ಕರೆದು ಒಬ್ಬೊಬ್ಬರ ಕೈಗೂ ಕಾಗದ ಕೊಟ್ಟು ಫೋಟೋ ತೆಗೆದರು. ಹದಿನಾರೂವರೆ ಸಾವಿರ ಸಂಬಳ, ಇರಲು ರೂಮು, ಒಂದನೇ ತಾರೀಕಿಗೆ ಬಂದು ಸೇರಬೇಕು. ಮಗ ಕಾಗದ ಹಿಡಿದು ನಿಂತದ್ದನ್ನು ಹಾಲಮ್ಮ ಪಲಾವಿನ ತಟ್ಟೆ ಕೆಳಗಿಟ್ಟು ನೋಡಿದಳು.

ವಾಪಸ್ಸು ಬರುವಾಗ ವೇಣುವಿನ ಮುಖದಲ್ಲೂ ಸ್ವಲ್ಪ ಕಳೆ ಬಂದಿತ್ತು. ಆದರೂ, "ಫೋನ್ ಬರ್ಲಿ ಅವ್ವ. ಆಮೇಲೆ ಅಂಗಡೀಲಿ ಹೇಳೋಣ," ಅಂದ.

ಹಾಲಮ್ಮನಿಗೆ ಅದು ಸರಿ ಕಾಣಲಿಲ್ಲ. ನಾಲ್ಕು ವರ್ಷ ಅನ್ನ ಕೊಟ್ಟ ಮನುಷ್ಯನಿಗೆ ಕೊನೇ ಗಳಿಗೆಯಲ್ಲಿ ಹೇಳಿ ಕೈಬಿಟ್ಟು ಹೋಗುವುದು ಮರ್ಯಾದೆಯಲ್ಲ ಅಂದುಕೊಂಡಳು. ಮಾರನೇ ವಾರ ಕಡೂರಿಗೆ ಹೋದಾಗ ತಾನೇ ಅಂಗಡಿಯ ಮೆಟ್ಟಿಲು ಹತ್ತಿ, "ಸ್ವಾಮಿ, ನನ್ನ ಮಗನಿಗೆ ಕೆಲ್ಸ ಆಯ್ತು. ಒಂದನೇ ತಾರೀಕಿಂದ ಬರಲ್ಲ. ನೀವು ಯಾರನ್ನಾದ್ರೂ ನೋಡ್ಕಳಿ," ಅಂದಳು. ದೇವೀರಪ್ಪ ಸಂತೋಷಪಟ್ಟು ಅವಳಿಗೆ ಕಾಫಿ ತರಿಸಿಕೊಟ್ಟರು. ಮೂರೇ ದಿನದಲ್ಲಿ ತಮ್ಮ ತಂಗಿಯ ಮಗಳನ್ನು ತಂದು ಆ ಕುರ್ಚಿಗೆ ಕೂರಿಸಿದರು.

ಒಂದನೇ ತಾರೀಕು ಬಂತು. ಬಟ್ಟೆ ತುಂಬಿದ ಬ್ಯಾಗು ಬಾಗಿಲ ಹತ್ತಿರ ಕೂತಿತ್ತು. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಮುಂದಿನ ವಾರ ನಾವೇ ತಿಳಿಸುತ್ತೇವೆ ಅಂದರು. ಮುಂದಿನ ವಾರ ಫೋನ್ ಮಾಡಿದರೆ ಹದಿನೈದಕ್ಕೆ ಅಂದರು. ಹದಿನೈದಕ್ಕೆ ಆ ನಂಬರು ಸ್ವಿಚ್ ಆಫ್ ಆಗಿತ್ತು. ಅಲ್ಲಿಂದಾಚೆ ಅದು ಆನ್ ಆಗಲಿಲ್ಲ.

ಮೇಳ ಮಾಡಿದ ಆಫೀಸಿನಲ್ಲಿ ವಿಚಾರಿಸಿ ಎಂದು ಹಾಲಮ್ಮ ಪಂಚಾಯ್ತಿಯ ಪಿಡಿಒ ಮಾನಸಳ ಮುಂದೆ ನಿಂತಳು. ಮಾನಸ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎರಡು ಪಂಚಾಯ್ತಿ ನೋಡಿಕೊಳ್ಳುತ್ತಿದ್ದಳು. "ಹಾಲಮ್ಮನವರೇ, ಜನ ಕರ್ಕೊಂಡು ಬನ್ನಿ ಅಂತ ನಮಗೆ ಹೇಳಿದ್ರು, ಕರ್ಕೊಂಡು ಹೋದ್ವಿ. ಆ ಕಂಪನಿಯೋರು ಯಾರು, ಏನು ಅಂತ ನನಗೂ ಗೊತ್ತಿಲ್ಲ," ಅಂದಳು. ಅದು ಸುಳ್ಳಾಗಿರಲಿಲ್ಲ.

ಸಂಜೆಯ ಹೊತ್ತು ಮನೆ ಮುಂದೆ ಒಬ್ಬರಲ್ಲ ಒಬ್ಬರು ಬಂದು ನಿಲ್ಲತೊಡಗಿದರು. ತೋಪಿನ ಮನೆಯ ಅಣ್ಣತಮ್ಮಂದಿರು ಎರಡು ದಿನಕ್ಕೊಮ್ಮೆ ಬಂದರು. ಬೀರಪ್ಪ ಒಂದೇ ಸಲ ಬಂದ. "ಅಜ್ಜಂಪುರದೋರಿಗೆ ಹುಡ್ಗಿ ಕೆಲ್ಸಕ್ಕೆ ಹೋಗ್ತಾಳೆ, ಒಂದು ವರ್ಷ ತಡೀರಿ ಅಂದಿದ್ದೆ. ಅವ್ರು ತಡೀಲಿಲ್ಲ. ಬೇರೆ ಕಡೆ ಮಾಡ್ಕೊಂಡ್ರು," ಅಂದು, ಉತ್ತರವನ್ನೂ ಕೇಳದೆ ಹೊರಟುಹೋದ.

ಮನೆಯೊಳಗೆ ಇದಕ್ಕಿಂತ ಕಷ್ಟವಾಗಿತ್ತು. ವೇಣು ಬೆಳಿಗ್ಗೆ ಎದ್ದು ಗೋಡೆಗೊರಗಿ ಕೂರುತ್ತಿದ್ದ. ಒಂದು ದಿನ ಓಬಳಪ್ಪ, "ಬಾರೋ ನನ್ನ ಜೊತೆ," ಅಂತ ಕರೆದುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಹುಡುಗನ ಎರಡೂ ಅಂಗೈಯಲ್ಲಿ ಬೊಬ್ಬೆ. ಓಬಳಪ್ಪನೇ, "ಸಾಕು, ಹೋಗು," ಅಂದು ಕಳಿಸಿಬಿಟ್ಟ. ಅಪ್ಪ ಇನ್ನೂರು ಕಾಯಿ ಸುಲಿಯುವಷ್ಟರಲ್ಲಿ ಅವನು ಇಪ್ಪತ್ತು ಸುಲಿದಿದ್ದ.

ಆ ಸಂಜೆ ಹಾಲಮ್ಮ ಅವನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಕೈ ಎಳೆದುಕೊಂಡ.

"ನನ್ನ ಕೆಲ್ಸ ಬಿಡ್ಸಿದ್ದು ಕಂಪನಿ ಅಲ್ಲ ಅವ್ವ, ನೀನು."

"ನಿಂಗೆ ಒಳ್ಳೇದಾಗ್ಲಿ ಅಂತ ಹೇಳ್ದೆ ಕಣೋ."

"ಫೋನ್ ಬರ್ಲಿ ಅಂದಿದ್ನಾ ಇಲ್ವಾ? ನಾನು ಹೇಳೋಕೆ ಮುಂಚೆ ನೀನ್ಯಾಕೆ ಹೋಗಿದ್ದೆ? ಮೆಂಬರ್ ಮಗನಿಗೆ ಕೆಲ್ಸ ಆಯ್ತು ಅಂತ ಕಡೂರಿಗೆಲ್ಲ ಸಾರ್ಬೇಕಾಗಿತ್ತಾ?"

"ಅವ್ವನ್ನ ಹಂಗೆ ಅಂತಾರೇನೋ!" ಅಕ್ಷತಾ ಪುಸ್ತಕ ಮುಚ್ಚಿದಳು.

"ನಿನ್ನ ಸರದೀನೂ ಬತ್ತದೆ ಮುಂದಿನ ವರ್ಷ. ಆವಾಗ ಮಾತಾಡು."

ಅಂಜಿನಮ್ಮ ಸೊಸೆಯ ಕಡೆ ತಿರುಗಿದಳು. "ಆ ಮೆಂಬರ್‌ಗಿರಿ ಬಂದಾಗ್ನಿಂದ ಮನೇಲಿ ಒಂದು ಹೊತ್ತು ಸುಖವಾಗಿ ಉಂಡಿಲ್ಲ ಕಣೇ ನಾವು."

ಹಾಲಮ್ಮ ಎಣ್ಣೆ ಬಟ್ಟಲನ್ನು ಅಲ್ಲೇ ಇಟ್ಟು ಒಲೆಯ ಮುಂದೆ ಹೋಗಿ ಕೂತಳು. ಮಗ ಹೇಳಿದ್ದು ಸರಿಯಾಗಿಯೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಅಕ್ಷತಾ ಕಾಲೇಜಿನಿಂದ ಒಂದು ಸುದ್ದಿ ತಂದಳು. ತರೀಕೆರೆಯಲ್ಲಿ ಮೋಟಾರ್ ವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಕಲಿಸುತ್ತಾರಂತೆ. ಮೂರು ತಿಂಗಳು, ಮೂವತ್ತು ಸೀಟು, ಊಟ ಕೊಟ್ಟು, ಕೊನೆಗೆ ಸಾಮಾನಿನ ಪೆಟ್ಟಿಗೆಯನ್ನೂ ಕೊಡುತ್ತಾರೆ. ಕೆಲಸವಿಲ್ಲದವರಿಗೆ ಮಾತ್ರ. ವೇಣು ಮೊಬೈಲು ಇಸಕೊಂಡು ಎರಡು ಸಲ ಓದಿದ. ಯಗಟಿ ಸುತ್ತ ಎಷ್ಟು ಬೋರ್‌ವೆಲ್ ಇವೆ, ಸುಟ್ಟ ಮೋಟಾರು ಹೊತ್ತು ಜನ ಕಡೂರಿಗೆ ಹೋಗಿ ಎಷ್ಟು ದಿನ ಕಾಯುತ್ತಾರೆ ಅಂತ ಅಜ್ಜಿಗೆ ವಿವರಿಸತೊಡಗಿದ. ತಿಂಗಳಾದ ಮೇಲೆ ಆ ಮನೆಯಲ್ಲಿ ಅವನ ಧ್ವನಿ ಅಷ್ಟು ಹೊತ್ತು ಕೇಳಿಸಿದ್ದು ಅದೇ ಮೊದಲು. ಭವ್ಯಳಿಗೂ ಹೇಳಿ ಇಬ್ಬರ ಅರ್ಜಿಯನ್ನೂ ಅವನೇ ತುಂಬಿದ.

ನಾಲ್ಕನೇ ದಿನಕ್ಕೆ ಎರಡೂ ತಿರಸ್ಕೃತ. ಕಾರಣ: ಈಗಾಗಲೇ ಉದ್ಯೋಗ ಪಡೆದಿರುತ್ತಾರೆ.

ತಾಯಿ ಮಗ ಇಬ್ಬರೂ ತರೀಕೆರೆಗೆ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಅಡಿಕೆ ಮೂಟೆಗಳ ನಡುವೆ ಇಳಿದು, ಕೇಳಿ ಕೇಳಿ ತರಬೇತಿ ಕೇಂದ್ರ ಹುಡುಕಿದರು. ಅಲ್ಲಿದ್ದ ಗುಮಾಸ್ತ ಕಂಪ್ಯೂಟರಿನಲ್ಲಿ ನೋಡಿ, "ಮೇಳದಲ್ಲಿ ಕೆಲಸ ಸಿಕ್ಕವರ ಪಟ್ಟೀಲಿ ನಿಮ್ಮ ಹೆಸರಿದೆ," ಅಂದ.

"ಕಾಗದ ಕೊಟ್ರು, ಕೆಲ್ಸ ಕೊಡ್ಲಿಲ್ಲ," ಅಂದ ವೇಣು.

"ಅದು ನಮ್ಗೆ ಗೊತ್ತಾಗಲ್ಲಪ್ಪ. ಪಟ್ಟಿ ಮಾಡಿದೋರು ಹೆಸರು ತೆಗೆದ್ರೆ ನಾನು ಸೇರಿಸ್ಕೋತೀನಿ. ಶುಕ್ರವಾರ ಕೊನೇ ದಿನ. ಈಗ ಎರಡೋ ಮೂರೋ ಸೀಟಿದೆ ಅಷ್ಟೆ."

ಪುಣ್ಯಕ್ಕೆ ಗುರುವಾರವೇ ಕಡೂರಿನಲ್ಲಿ ಸಭೆಯಿತ್ತು. ಮೇಳ ಚೆನ್ನಾಗಿ ನಡೆಸಿಕೊಟ್ಟದ್ದಕ್ಕೆ ಮೆಂಬರುಗಳಿಗೆ ಅಭಿನಂದನೆಯಂತೆ. ಹಾಲಮ್ಮ ಹಿಂದಿನ ದಿನವೇ ಅಕ್ಷತಾಳ ಕೈಲಿ ನಾಲ್ಕು ಹೆಸರು ಬರೆಸಿಕೊಂಡು ಚೀಟಿ ಮಡಿಸಿ ಕುಬುಸದೊಳಗೆ ಇಟ್ಟುಕೊಂಡಳು. ಭವ್ಯ ಬಸ್‌ಸ್ಟಾಪಿಗೆ ಬಂದು, "ನನ್ನ ಹೆಸ್ರು ಮರೀಬೇಡಿ ಹಾಲಮ್ಮಕ್ಕ," ಅಂದಳು.

ಸಭೆಯಲ್ಲಿ ಮೇಳದ ಪಟ್ಟಿ ಮಾಡಿದ ಆಫೀಸಿನ ಅಧಿಕಾರಿ ಕಾಗದ ನೋಡಿಕೊಂಡು ಓದುತ್ತಿದ್ದಾಗ ಹಾಲಮ್ಮ ಎದ್ದು ನಿಂತಳು.

"ಸಾರ್, ನಮ್ಮ ವಾರ್ಡಿನ ನಾಲ್ಕು ಜನಕ್ಕೆ ಕೆಲ್ಸ ಸಿಕ್ಕೈತೆ ಅಂತ ಬರ್ಕೊಂಡಿದ್ದೀರ. ಯಾರಿಗೂ ಸಿಕ್ಕಿಲ್ಲ."

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಧಿಕಾರಿ ಕೆಟ್ಟ ಮನುಷ್ಯನಂತೇನೂ ಕಾಣಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ನಿದ್ದೆಗೆಟ್ಟವರ ಹಾಗೆ. ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದು, ಮೈಕಿಗೆ ಕೈ ಅಡ್ಡ ಹಿಡಿದು ಕೇಳಿದರು: "ಏನಮ್ಮ, ಈಗ ಏನಾಗ್ಬೇಕು ನಿಮಗೆ?"

"ತರೀಕೆರೆ ಟ್ರೇನಿಂಗಿಗೆ ಸೇರಿಸ್ಕೊಳ್ತಾ ಇಲ್ಲ ಸಾರ್. ನಾಳೆ ಕೊನೇ ದಿನ. ಹೆಸ್ರು ತೆಗೆದು ಬರ್ಕೊಡಿ. ನನ್ನ ಮಗಂದೂ ಐತೆ."

"ಮಗನ ಹೆಸರೇನು?"

ಹೇಳಿದಳು. ಅವರು ಪಕ್ಕದ ಗುಮಾಸ್ತನಿಗೆ, ಈಗಲೇ ಒಂದು ಪತ್ರ ಮಾಡಿ ತನ್ನಿ ಅಂದರು.

"ಸಾರ್, ಇನ್ನೂ ಮೂರು ಜನ..." ಹಾಲಮ್ಮ ಚೀಟಿ ತೆಗೆದಳು.

"ನೋಡಿ ಅಮ್ಮ, ಈ ಸಂಖ್ಯೆ ಆಗಲೇ ಮೇಲಕ್ಕೆ ಹೋಗಿದೆ. ಒಂದು ಹೆಸರಾದ್ರೆ ಕಣ್ತಪ್ಪು ಅಂತ ನಾನು ಸರಿ ಮಾಡ್ಬಹುದು. ನಾಲ್ಕು ನಾಲ್ಕು ತೆಗೀತಾ ಹೋದ್ರೆ ಎಲ್ಲಾ ವಾರ್ಡಿನೋರೂ ಏಳ್ತಾರೆ, ವಿಚಾರಣೆ ಅಂತ ಆಗತ್ತೆ, ನಾಳೆಯೊಳಗೆ ಯಾರದೂ ಆಗಲ್ಲ. ನಿಮ್ಮ ಮಗಂದು ಇವತ್ತು ತಗೊಳ್ಳಿ. ಉಳಿದೋರದು ಆಮೇಲೆ ನೋಡೋಣ. ಈಗ ಕೂತ್ಕೊಳ್ಳಿ."

ಹಾಲಮ್ಮ ಚೀಟಿ ಹಿಡಿದು ನಿಂತೇ ಇದ್ದಳು. ಹಿಂದಿನಿಂದ ಯಾರೋ, "ಕೂತ್ಕೊಳಮ್ಮ, ಲೇಟಾಯ್ತದೆ," ಅಂದರು. ಗೋಡೆಗೊರಗಿ ಕೂತ ಮಗ ಕಣ್ಣಿಗೆ ಬಂದ, ಅವನ ಅಂಗೈಯ ಬೊಬ್ಬೆಗಳು ಬಂದವು. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು.

ಟೀ ಕೊಡುವಷ್ಟರಲ್ಲಿ ಪತ್ರ ಕೈಗೆ ಬಂತು. ಆಮೇಲೆ ಮೇಳದಲ್ಲಿ ಇಷ್ಟು ಜನಕ್ಕೆ ಉದ್ಯೋಗವಾಯಿತು ಎಂದು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲಮ್ಮ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಮನೆಗೆ ಬಂದು ಅದನ್ನು ಮಗನ ಕೈಗೆ ಕೊಟ್ಟಳು. ವೇಣು ಓದಿ, "ಭವ್ಯಂದು?" ಅಂದ.

"ಆಮೇಲೆ ಮಾಡ್ಕೊಡ್ತೀವಿ ಅಂದ್ರು."

"ಆಮೇಲೆ ಅಂದ್ರೆ? ನಾಳೆ ಕೊನೇ ದಿನ ಅವ್ವ."

"ಗೊತ್ತು. ಒಬ್ಬರದಾದ್ರೆ ಮಾಡ್ತೀನಿ ಅಂದ್ರು. ಕೂತ್ಕೊಳ್ಳಿ ಅಂದ್ರು. ಕೂತ್ಕೊಂಡೆ."

ಹಾಗಾದರೆ ನನಗೂ ಬೇಡ ಅನ್ನುತ್ತಾನೇನೋ ಎಂದು ಅವಳು ಒಂದು ಗಳಿಗೆ ಹೆದರಿದಳು. ಅನ್ನಲಿ ಅಂತಲೂ ಒಳಗೆಲ್ಲೋ ಇತ್ತು. ವೇಣು ಅನ್ನಲಿಲ್ಲ. ಪತ್ರ ಮಡಿಸಿ ಜೇಬಿಗೆ ಇಟ್ಟುಕೊಂಡ.

"ಅವ್ಳಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಮಾರನೇ ದಿನ ಅವನು ತರೀಕೆರೆಗೆ ಹೋಗಿ ಸೇರಿಕೊಂಡ. ಹಾಲಮ್ಮ ಬೀರಪ್ಪನ ಮನೆಗೆ ಹೋದಳು. ಜಗಲಿಯ ಅಂಚಿನಲ್ಲಿ ಕೂತಳು. ವೋಟು ಕೇಳಲು ಬಂದಾಗಲೂ ಅವಳು ಆ ಮನೆಯ ಜಗಲಿ ದಾಟಿದವಳಲ್ಲ; ಕೇರಿಯವರನ್ನು ಅಲ್ಲಿ ಒಳಗೆ ಕರೆಯುವ ರೂಢಿಯಿರಲಿಲ್ಲ. ಭವ್ಯ ಹಟ್ಟಿಯಲ್ಲಿ ಕುರಿ ಗೊಬ್ಬರ ಬಾಚುತ್ತಿದ್ದಳು. ಹಾಲಮ್ಮ ಏನನ್ನೂ ಮುಚ್ಚಿಡದೆ, ಅವರು ಕೂತ್ಕೊಳ್ಳಿ ಅಂದದ್ದು, ತಾನು ಕೂತದ್ದು ಎಲ್ಲ ಹೇಳಿದಳು.

ಒಳಗಿಂದ ಭವ್ಯಳ ತಾಯಿ ಯಲ್ಲಮ್ಮ ಬಾಗಿಲಿಗೆ ಬಂದು, "ನಿನ್ನ ಮಗ ಮಾತ್ರ ಮಗ, ನಮ್ಮ ಮಗ್ಳು ಯಾರಿಗೂ ಬೇಡ್ವಾ?" ಅಂದಳು. ಬೀರಪ್ಪ, "ಹೋಗ್ಲಿ ಬಿಡೇ. ನೀನಿದ್ರೂ ಅದೇ ಮಾಡ್ತಿದ್ದೆ," ಅಂದ. ಆ ಮಾತು ಹಾಲಮ್ಮನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಭವ್ಯ ಬುಟ್ಟಿ ತುಂಬಿದಳು. ಆಮೇಲೆ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ಸೋಮವಾರ ಆ ಆಫೀಸಿಗೆ ನನ್ನ ಕರ್ಕೊಂಡು ಹೋಗ್ತೀರಾ?"

"ಸೀಟು ತುಂಬೋಗಿರ್ತದೆ ಕಣವ್ವ."

"ಸೀಟು ಹೋಗ್ಲಿ. ಇಲ್ಲದ ಕೆಲ್ಸಕ್ಕೆ ನನ್ನ ಹೆಸ್ರು ಯಾಕಿರ್ಬೇಕು? ಮುಂದೆ ಏನು ಅರ್ಜಿ ಹಾಕಿದ್ರೂ ಅದೇ ಅಡ್ಡ ಬತ್ತದೆ."

ಸೋಮವಾರ ಇಬ್ಬರೂ ಕಡೂರಿನ ಆಫೀಸಿಗೆ ಹೋದರು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮಂಗಳವಾರ ಹೋದರು. ಸಾಹೇಬರು ಇದ್ದರು, ಅರ್ಜಿ ಕೊಡಿ ಅಂದರು. ಬುಧವಾರ ಅರ್ಜಿಯ ಜೊತೆ ಆಧಾರ್ ಜೆರಾಕ್ಸ್ ಬೇಕು ಅಂದರು. ದೇವೀರಪ್ಪನ ಅಂಗಡಿಯಲ್ಲೇ ಮಾಡಿಸಬೇಕಾಯಿತು. ವೇಣು ಕೂರುತ್ತಿದ್ದ ಕುರ್ಚಿಯಲ್ಲಿದ್ದ ಹುಡುಗಿ ನಗುತ್ತ ಎರಡು ಪ್ರತಿ ತೆಗೆದುಕೊಟ್ಟಳು. ತೋಪಿನ ಮನೆಯವರನ್ನು ಕರೆದರೆ ಅವರು ಬರಲಿಲ್ಲ. ಇಬ್ಬರೂ ಬೀರೂರಿನ ಒಂದು ಗೋಡೌನಿಗೆ ಮೂಟೆ ಹೊರಲು ಸೇರಿಕೊಂಡಿದ್ದರು. ಅವರ ಅರ್ಜಿಗೂ ಸಹಿ ಮಾಡಿಸಿ ಹಾಲಮ್ಮನೇ ತಂದುಕೊಟ್ಟಳು.

ಮನೆಯಲ್ಲಿ ನಾಲ್ಕು ದಿನ ಮಧ್ಯಾಹ್ನದ ಅಡುಗೆ ಅಂಜಿನಮ್ಮನ ಪಾಲಿಗೆ ಬಂತು. ಓಬಳಪ್ಪ ಗುರುವಾರ ಬೆಳಿಗ್ಗೆ ಹಾರೆ ಹೆಗಲಿಗೇರಿಸುತ್ತ, "ಇವತ್ತೂ ಹೋಗ್ತೀಯಾ?" ಅಂತ ಕೇಳಿದ.

"ಹೂಂ."

"ಬುತ್ತಿ ಕಟ್ಕೊಂಡು ಹೋಗು. ನಿನ್ನೆ ಮುಖ ಬಾಡಿತ್ತು," ಅಂದು ಹೊರಟ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಗುಮಾಸ್ತ ಕಂಪ್ಯೂಟರಿನಲ್ಲಿ ಮೂರು ಹೆಸರು ತೆಗೆದು, ಭವ್ಯಳ ಕೈಗೆ ಸೀಲು ಹಾಕಿದ ಒಂದು ಹಾಳೆ ಕೊಟ್ಟ. ಅಲ್ಲಿಂದಲೇ ಹಾಲಮ್ಮ ಮಗನಿಗೆ ಫೋನ್ ಮಾಡಿಸಿದಳು. ವೇಣು ಕೇಳಿಕೊಂಡು ಬಂದು ಹೇಳಿದ: ಮೂವತ್ತೂ ತುಂಬಿದೆ. ಮುಂದಿನ ಬ್ಯಾಚು ಯಾವಾಗ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ, "ಊಟ ಮಾಡಿದ್ಯಾ ಅವ್ವ?" ಅಂದ. ತಿಂಗಳ ಮೇಲಾಗಿತ್ತು ಅವನು ಅದನ್ನು ಕೇಳಿ.

ಯಗಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಇಬ್ಬರಿಗೂ ಜಾಗ ಸಿಕ್ಕಿತು. ಭವ್ಯ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಮೊದಲಿಂದ ಕೊನೆವರೆಗೆ ಓದಿದಳು. ಸದರಿ ಅಭ್ಯರ್ಥಿಯು ಯಾವುದೇ ಉದ್ಯೋಗದಲ್ಲಿ ಇರುವುದಿಲ್ಲವೆಂದು ದೃಢೀಕರಿಸಲಾಗಿದೆ.

"ನಾಲ್ಕು ದಿನ ಓಡಾಡಿ, ನಂಗೆ ಕೆಲ್ಸ ಇಲ್ಲ ಅಂತ ಬರ್ಸಿಕೊಂಡು ಬಂದಂಗಾಯ್ತು ಹಾಲಮ್ಮಕ್ಕ," ಅಂದು ನಕ್ಕಳು. ನಗು ಬೇಗ ನಿಂತುಹೋಯಿತು.

ಹಾಲಮ್ಮನಿಗೆ ನಗಲಾಗಲಿಲ್ಲ. ಬುತ್ತಿಯ ಗಂಟು ಬಿಚ್ಚಿ, ಮಧ್ಯಾಹ್ನ ತಿನ್ನದೆ ಉಳಿದ ರೊಟ್ಟಿ ತೆಗೆದು ಎರಡು ಭಾಗ ಮಾಡಿದಳು. ಈ ಹುಡುಗಿ ತನ್ನ ಮನೆಯ ರೊಟ್ಟಿ ತಿನ್ನುತ್ತಾಳೋ ಇಲ್ಲವೋ ಎಂದು ಒಂದು ಗಳಿಗೆ ಕೈ ತಡೆಯಿತು. ಭವ್ಯ ಹಾಳೆ ಮಡಿಸಿ ಬ್ಯಾಗಿಗೆ ಹಾಕಿ, ಕೈ ಚಾಚಿ ಅರ್ಧ ರೊಟ್ಟಿ ತೆಗೆದುಕೊಂಡು ತಿನ್ನತೊಡಗಿದಳು.